ಬಿನ್ ಮತ್ತು ಕೋಂ



ಮನೆತನದ ವಂಶಾವಳಿ ಬರೆಯಲು ಕುಳಿತರೆ ಗಂಡಸರ ಹೆಸರು ನಾಲ್ಕೈದು ತಲೆಮಾರಿನವರೆಗೆ ಸಿಗುತ್ತವೆ. ಅವರ ಮಡದಿಯರ ಹೆಸರು ಕೇಳಿದರೆ ಅಜ್ಜಿಯಿಂದ ಆಚೆಗೆ ಯಾರಿಗೂ ಗೊತ್ತಿರುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಎಷ್ಟೋ ಮನೆತನಗಳು ಇಂದು ಪೇಟೆಯಲ್ಲಿ ಅಂಗಡಿ ಇಟ್ಟಿದ್ದರೂ ಮೂಲದಲ್ಲಿ ಒಕ್ಕಲುತನದವು. ಒಕ್ಕಲಿಗನ ಹೆಸರು ಎಲ್ಲಿಯಾದರೂ ಉಳಿದಿದ್ದರೆ ಅದು ಹೊಲದ ಕಾಗದದಲ್ಲಿ. ಹಿಂದಿನ ಶತಮಾನದಾಚೆಯ ಒಬ್ಬ ಒಕ್ಕಲಿಗ ಮತ್ತು ಅವನ ಹೆಂಡತಿಯನ್ನು ಅದರಲ್ಲಿ ಹುಡುಕುವುದು ಹೇಗೆಂದು ಈ ಸಲ ನೋಡೋಣ.

ಮೊದಲು ಜನಗಣತಿಯ ಮಾತು. ಅಮೇರಿಕದಲ್ಲಿ 1850ರಿಂದ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರು ಬರೆದು, ಆ ಹಾಳೆಗಳನ್ನು 72 ವರ್ಷದ ಮೇಲೆ ಜನರಿಗೆ ತೋರಿಸುತ್ತಾರೆ. ಗಂಡ, ಹೆಂಡತಿ, ಮಕ್ಕಳು ಒಂದೇ ಕಡೆ ಸಿಗುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಮುಂಬಯಿ ಇಲಾಖೆಯಲ್ಲಿ 1872ರ ಫೆಬ್ರುವರಿ 21ರಂದು, ಮತ್ತೆ 1881ರ ಫೆಬ್ರುವರಿ 17ರಂದು ಎಣಿಕೆ ನಡೆಯಿತು. ಆದರೆ ಲೆಕ್ಕ ಕೂಡಿಸಿದ ಮೇಲೆ ಮನೆಮನೆಯ ಹಾಳೆಗಳನ್ನು ಕಾಯ್ದಿಡಲಿಲ್ಲ. 1948ರ ಕಾಯದೆಯ ಪ್ರಕಾರ ಈಚಿನ ಹಾಳೆಗಳನ್ನೂ ಯಾರೂ ನೋಡುವಂತಿಲ್ಲ. ಉಳಿದದ್ದು ಮೊತ್ತ ಮಾತ್ರ. ಆ ಮೊತ್ತವೂ ಒಂದು ಕಥೆ ಹೇಳುತ್ತದೆ. ಸೊಲ್ಲಾಪುರ ಜಿಲ್ಲೆಯಲ್ಲಿ 1872ಕ್ಕಿಂತ 1881ರಲ್ಲಿ ಲಕ್ಷಕ್ಕೂ ಹೆಚ್ಚು ಜನ ಕಡಿಮೆ ಬಂದರು. ನಡುವೆ 1876-78ರ ಘೋರ ಬರಗಾಲ ಹಾದುಹೋಗಿತ್ತು. ನಮ್ಮ ವಡಿಲರು ಅದನ್ನು ದಾಟಿ ಬದುಕಿದವರು.

ಇನ್ನು ಹೊಲದ ಕಾಗದ. 1836ರಲ್ಲಿ ಇಂದಾಪುರ ತಾಲೂಕಿನಲ್ಲಿ ಗೋಲ್ಡಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಹೊಲ ಅಳೆದು, ಸರ್ವೆ ನಂಬರು ಕೊಟ್ಟು, 30 ವರ್ಷಕ್ಕೆ ಆಕಾರ ಗೊತ್ತುಮಾಡುವ ಪದ್ಧತಿ ಹಾಕಿದರು. ಅದೇ ಮುಂದೆ ಸೊಲ್ಲಾಪುರದ ಕಡೆಗೂ ಬಂತು. ಸಂಸ್ಥಾನದ ಊರುಗಳವರು ಮಾತ್ರ ಒಂದು ಮಾತು ನೆನಪಿಡಬೇಕು: ಅಕ್ಕಲಕೋಟ, ಜತ್ತ 1948ರಲ್ಲಿ ವಿಲೀನವಾಗುವ ತನಕ ಅಲ್ಲಿಯ ದಫ್ತರವೇ ಬೇರೆ.

ಹುಡುಕುವವರು ಇಂದಿನಿಂದ ಹಿಂದಕ್ಕೆ ಹೋಗಬೇಕು. ನಾವು ಅಂಗಡಿಯಲ್ಲಿ ಖಾತೆಯ ಬಾಕಿ ಹಿಡಿದು ಕಿರ್ದಿಯ ಪುಟಕ್ಕೆ ಹೋಗುವುದಿಲ್ಲವೇ, ಹಾಗೆಯೇ. ಸಾತಬಾರಾ ಉತಾರದಲ್ಲಿ ಫೇರಫಾರ ನಂಬರು ಇರುತ್ತದೆ. ಆ ನಂಬರಿನ ನೋಂದಣಿಯಲ್ಲಿ ಹೊಲ ಯಾರಿಂದ ಯಾರಿಗೆ, ಏಕೆ ಬಂತೆಂಬುದು ಇರುತ್ತದೆ. ಅಲ್ಲಿಂದ ಅದರ ಹಿಂದಿನದು. ಹಕ್ಕಿನ ದಾಖಲೆಯ ಕಾಯದೆ ಬಂದದ್ದು 1903ರಲ್ಲಿ, ಆದ್ದರಿಂದ ಫೇರಫಾರಗಳು ಆ ಮೇಲಿನವು. ಅದಕ್ಕೂ ಹಿಂದಿನದಕ್ಕೆ ಸರ್ವೆಯ ಹಳೆಯ ಪುಸ್ತಕಗಳೇ ಗತಿ. 1879ರ ದಖ್ಖನ್ ರೈತರ ಕಾಯದೆಯ ಪ್ರಕಾರ ಸಾಲದ, ಒತ್ತೆಯ ಪತ್ರಗಳನ್ನು ರಜಿಸ್ಟ್ರಾರನ ಮುಂದೆ ಬರೆಸಬೇಕಾಗಿತ್ತು. ಅದು ಸೊಲ್ಲಾಪುರಕ್ಕೂ ಲಾಗೂ ಇತ್ತು. ಅಂಥ ಪತ್ರ ಮನೆಯ ಟ್ರಂಕಿನಲ್ಲಿದ್ದರೆ ರದ್ದಿಗೆ ಹಾಕಬೇಡಿರಿ. ತಹಸೀಲಿಯಲ್ಲಿ ಊರಿನ ಹುಟ್ಟು-ಸಾವಿನ ಕೋತವಾಲ ಪುಸ್ತಕವನ್ನೂ ಕೇಳಿರಿ.

ಈ ಕಾಗದಗಳಲ್ಲಿ ಎರಡು ಸಣ್ಣ ಶಬ್ದಗಳನ್ನು ಗುರುತಿಸಬೇಕು. ‘ಬಿನ್’ ಎಂದರೆ ಇಂಥವರ ಮಗ. ‘ಕೋಂ’ ಎಂದರೆ ಇಂಥವರ ಹೆಂಡತಿ. ‘ಬಿನ್’ ಸಾಲುಸಾಲಾಗಿ ಸಿಗುತ್ತದೆ, ‘ಕೋಂ’ ಅಪರೂಪ. ಗಂಡ ಬದುಕಿರುವ ತನಕ ಖಾತೆಯಲ್ಲಿ ಹೆಂಡತಿಯ ಹೆಸರಿಗೆ ಜಾಗವೇ ಇರುತ್ತಿರಲಿಲ್ಲ. ಅವನು ತೀರಿಕೊಂಡು ಮಕ್ಕಳು ಸಣ್ಣವರಿದ್ದರೆ, ಅಜ್ಞಾನ ಮಕ್ಕಳ ಪಾಲನಕರ್ತಿ ತಾಯಿ ಎಂದು ಅವಳ ಹೆಸರು ಬರುತ್ತಿತ್ತು.

ನಮ್ಮ ಮುತ್ತಜ್ಜಿಯೂ ನಮಗೆ ಸಿಕ್ಕಿದ್ದು ಹೀಗೆಯೇ. ಮನೆಯಲ್ಲಿ ಎಲ್ಲರೂ ಅವಳನ್ನು ‘ದೊಡ್ಡವ್ವ’ ಎನ್ನುತ್ತಿದ್ದರು, ಹೆಸರು ಯಾರಿಗೂ ತಿಳಿಯದು. ವಾರಸಾ ನೋಂದಣಿಯ ಒಂದು ಸಾಲಿನಲ್ಲಿ ಅವಳ ಹೆಸರು, ಮುಂದೆ ‘ಕೋಂ’, ಮುತ್ತಜ್ಜನ ಹೆಸರು, ಕೆಳಗೆ ಇಬ್ಬರು ಸಣ್ಣ ಹುಡುಗರು. ಅವರಲ್ಲಿ ಕಿರಿಯವರೇ ನಮ್ಮ ಅಜ್ಜ, ಮುಂದೆ ಪೇಟೆಗೆ ಬಂದು ಅಂಗಡಿ ಹಾಕಿದವರು. ಹೊಲ ಕಳೆಯದಂತೆ ಕಾಯ್ದು, ಅವರನ್ನು ದೊಡ್ಡವರನ್ನಾಗಿ ಮಾಡಿದಾಕೆ ಅವಳು. ಅವಳು ವಿಧವೆಯಾಗದೆ ಇದ್ದಿದ್ದರೆ ಅವಳ ಹೆಸರು ನಮಗೆ ಎಂದೂ ತಿಳಿಯುತ್ತಿರಲಿಲ್ಲ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಅಡಚಣಿಗಳೂ ಇವೆ. ಹಳೆಯ ಕಾಗದ ಮೋಡಿ ಲಿಪಿಯಲ್ಲಿದೆ. 1950ರ ಸುಮಾರಿನವರೆಗೂ ಕುಲಕರ್ಣಿಗಳು ಅದನ್ನೇ ಬರೆಯುತ್ತಿದ್ದರು, ಓದುವವರು ಈಗ ವಿರಳ. 2023ರಲ್ಲಿ ಮಹಾರಾಷ್ಟ್ರ ಸರಕಾರ ಕುಣಬಿ ನೋಂದಣಿ ಹುಡುಕಿಸತೊಡಗಿದಾಗ ಮೋಡಿ ಬಲ್ಲವರಿಗೆ ಮತ್ತೆ ಬೆಲೆ ಬಂತು. ನಮ್ಮ ಕನ್ನಡ ಹೆಸರುಗಳು ಮರಾಠಿ ಕೈಬರಹದಲ್ಲಿ ರೂಪ ಬದಲಿಸಿರುತ್ತವೆ. ಊರಲ್ಲಿ ‘ಗೌಡ’ ಎನಿಸಿಕೊಂಡವನು ಕಾಗದದಲ್ಲಿ ‘ಪಾಟೀಲ’ ಆಗಿರಬಹುದು. ಆದ್ದರಿಂದ ಹೆಸರಿಗಿಂತ ಸರ್ವೆ ನಂಬರು, ಎಕರೆ-ಗುಂಟೆ ಹೊಂದುತ್ತವೆಯೇ ಎಂದು ನೋಡಿರಿ. ಹೆಸರು ತಿರುಚಿದರೂ ಹೊಲ ಜಾಗ ಬಿಟ್ಟು ಹೋಗುವುದಿಲ್ಲ.

ತರುಣರಿಗೆ ಒಂದು ಮಾತು. ಕಚೇರಿಗೆ ಹೋಗುವುದಕ್ಕಿಂತ ಮೊದಲು ಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿರಿ. ಅಜ್ಜಿಯ ಹೆಸರು, ಅವಳ ತವರೂರು, ಅವಳ ತಾಯಿಯ ಹೆಸರು ಕೇಳಿ ಬರೆದುಕೊಳ್ಳಿರಿ. ಕಾಗದ ಇನ್ನೂ ಹತ್ತು ವರ್ಷ ಕಾದೀತು, ಹಿರಿಯರು ಕಾಯುವುದಿಲ್ಲ. ದೀಪಾವಳಿಗೆ ಹೊಸ ವಹಿ ಪೂಜೆ ಮಾಡುವಾಗ ಅದರ ಮೊದಲ ಹಾಳೆಯಲ್ಲಿ ಹಿರಿಯರ ಹೆಸರು ಬರೆಯುವ ಮನೆಗಳಿವೆ. ಅಲ್ಲಿ ಪ್ರತಿಯೊಬ್ಬ ಗಂಡಸಿನ ಪಕ್ಕದಲ್ಲಿ ಅವನ ಮಡದಿಯ ಹೆಸರನ್ನೂ ಬರೆಯಿರಿ. ಇದಕ್ಕೆ ತಲಾಠಿಯ ಸಹಿ ಬೇಕಾಗಿಲ್ಲ.