ವಾಸನೆ ಮನೆಯೊಳಗಿದೆ, ಎಕ್ಯೂಐನಲ್ಲಿ ಇಲ್ಲ

ಹೈದರಾಬಾದಿನ ಬಾಚುಪಲ್ಲಿ, ಮಿಯಾಪುರ ಕಡೆ ಮನೆ ಹುಡುಕುವ ಕನ್ನಡಿಗ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಹಗಲು ನೋಡಿ ಅಡ್ವಾನ್ಸ್ ಕೊಡಬೇಡಿ, ರಾತ್ರಿ ಹನ್ನೊಂದರ ಮೇಲೆ ಇನ್ನೊಮ್ಮೆ ಹೋಗಿ. ಬೊಲ್ಲಾರಂ, ಜೀಡಿಮೆಟ್ಲ, ಪಟಾನ್‌ಚೆರು ಕೈಗಾರಿಕಾ ಪ್ರದೇಶಗಳು ಹತ್ತಿರವೇ ಇವೆ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ನೆಲ ಬಿಟ್ಟು ಮೇಲೇಳುವುದಿಲ್ಲ. ಪೇಂಟ್ ಥಿನ್ನರ್‌ನಂಥ ವಾಸನೆ ಮನೆಯೊಳಗೆ ಬರುತ್ತದೆ. ಮಗಳು ಕೆಮ್ಮುತ್ತಾಳೆ, ನಾವು ಕಿಟಕಿ ಮುಚ್ಚುತ್ತೇವೆ.

ಮೊಬೈಲ್ ತೆಗೆದರೆ ಎಕ್ಯೂಐ ‘ಸಮಾಧಾನಕರ’. ಅದು ಸುಳ್ಳು ಹೇಳುತ್ತಿಲ್ಲ, ಅದನ್ನು ಕೇಳಿರುವ ಪ್ರಶ್ನೆಯೇ ಬೇರೆ. ರಾಷ್ಟ್ರೀಯ ಎಕ್ಯೂಐ ಲೆಕ್ಕ ಹಿಡಿಯುವುದು ದೂಳು, ಓಝೋನ್, ಸೀಸ ಮುಂತಾದ 8 ಮಾಲಿನ್ಯಕಾರಕಗಳನ್ನು. ಅವುಗಳಲ್ಲಿ ದ್ರಾವಕ ಒಂದೂ ಇಲ್ಲ. 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದ 12 ವಸ್ತುಗಳಲ್ಲಿ ಬೆಂಜೀನ್ ಇದೆ. ಟಾಲ್ಯೂಯಿನ್, ಡೈಕ್ಲೋರೊಮೀಥೇನ್ ಇಲ್ಲ. ಕೆಲವು ಸರ್ಕಾರಿ ಕೇಂದ್ರಗಳು ಬೆಂಜೀನ್, ಟಾಲ್ಯೂಯಿನ್ ಅಳೆದರೂ ಆ ಅಂಕಿ ಸೂಚ್ಯಂಕಕ್ಕೆ ಸೇರುವುದಿಲ್ಲ.

ಇವು ಔಷಧ ತಯಾರಿಕೆಯಲ್ಲಿ ಬಳಕೆಯಾಗುವ ದ್ರಾವಕಗಳು. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ. ಟಾಲ್ಯೂಯಿನ್ ತಲೆಸುತ್ತು ತರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ನರಮಂಡಲಕ್ಕೆ ಹಾನಿ. ಡೈಕ್ಲೋರೊಮೀಥೇನ್‌ನ ಒಂದು ಭಾಗ ದೇಹದೊಳಗೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಹೆಚ್ಚಿನ ಅಪಾಯ ನಮಗಲ್ಲ, ರಿಯಾಕ್ಟರ್ ಪಕ್ಕ ಪಾಳಿ ಮಾಡುವ ಗುತ್ತಿಗೆ ಕಾರ್ಮಿಕರಿಗೆ.

ಹಾಗಂತ ಅಳೆಯುವ ವಿದ್ಯೆ ನಮಗೆ ಗೊತ್ತಿಲ್ಲವೆಂದಲ್ಲ. ಮಾತ್ರೆಯಲ್ಲಿ ಉಳಿಯುವ ಡೈಕ್ಲೋರೊಮೀಥೇನ್ 600 ಪಿಪಿಎಂ, ಬೆಂಜೀನ್ 2 ಪಿಪಿಎಂ ಮೀರಬಾರದೆಂದು ಅಂತರರಾಷ್ಟ್ರೀಯ ಐಸಿಎಚ್ ಮಾರ್ಗಸೂಚಿ ಹೇಳುತ್ತದೆ. ಕಂಪನಿಗಳ ಲ್ಯಾಬ್‌ಗಳು ಅದನ್ನು ಪರೀಕ್ಷಿಸಿಯೇ ಸರಕು ಕಳಿಸಬೇಕು. ಮಾತ್ರೆ ನುಂಗುವವರಿಗೆ ಇರುವ ಕಾಳಜಿ ಅದನ್ನು ಮಾಡುವವರಿಗೆ, ಕಾಂಪೌಂಡಿನ ಆಚೆ ಮಲಗುವವರಿಗೆ ಯಾಕಿಲ್ಲ?

ಕಾರ್ಖಾನೆ ಮುಚ್ಚಿ ಎನ್ನುವುದು ನನ್ನ ವಾದವಲ್ಲ. ಸಾವಿರಾರು ಮನೆಗಳ ಒಲೆ ಅದರಿಂದಲೇ ಉರಿಯುತ್ತಿದೆ. ಕಾಂಪೌಂಡಿನ ಗಡಿಯಲ್ಲಿ ದ್ರಾವಕದ ಆವಿ ಅಳೆಯುವ ಯಂತ್ರವಿರಲಿ, ಅಂಕಿ ರಾತ್ರಿಯೂ ಜನರಿಗೆ ಕಾಣಲಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ವಾಸನೆ ಬಂದ ದಿನ, ಗಂಟೆ, ಗಾಳಿಯ ದಿಕ್ಕು ಬರೆದಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡುತ್ತಿದ್ದೇವೆ. ‘ವಾಸನೆ ಬರುತ್ತಿದೆ’ ಎಂಬ ಬರಿ ಮಾತಿಗಿಂತ ಆ ಪಟ್ಟಿಗೆ ತೂಕ ಹೆಚ್ಚು.

ಇದು ಹೈದರಾಬಾದಿನ ಕಥೆ ಮಾತ್ರವಲ್ಲ. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಸುತ್ತಲ ಹಳ್ಳಿಗಳವರೂ ಔಷಧ, ರಾಸಾಯನಿಕ ಘಟಕಗಳ ದುರ್ವಾಸನೆಯ ಬಗ್ಗೆ ದೂರುತ್ತಿದ್ದಾರೆ. ನಾವಿಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿಕೊಳ್ಳಬಹುದು. ಅಂಗಳದಲ್ಲಿ ಮಲಗುವ ನಮ್ಮೂರಿನವರು ಏನನ್ನು ಮುಚ್ಚಿಕೊಳ್ಳಬೇಕು?