ಉಬ್ಬು ಕೇಳುವ ಮುನ್ನ ನಡೆಯುವವರ ಮಾತು ಕೇಳೋಣ

ಭೀಮಾ ನದಿಯ ಬ್ಯಾರೇಜಿನಿಂದ ಹೆಸರಾದ ಸೊನ್ನ ಕಲಬುರಗಿ ಜಿಲ್ಲೆಯ ಒಂದು ಗ್ರಾಮ. ಅದೇ ಭಾಗದ ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸ್ ಬಳಿ 2025ರ ಏಪ್ರಿಲ್ 5ರ ನಸುಕಿನಲ್ಲಿ, ನಿಂತಿದ್ದ ಲಾರಿಗೆ ವ್ಯಾನೊಂದು ಡಿಕ್ಕಿ ಹೊಡೆದು ಐವರು ಮೃತಪಟ್ಟರು. ಅವರು ಬಾಗಲಕೋಟೆ ಕಡೆಯಿಂದ ಕಲಬುರಗಿಯ ದರ್ಗಾಕ್ಕೆ ಹೊರಟಿದ್ದವರು. ಅವರು ಪಾದಚಾರಿಗಳಲ್ಲ, ನಿಜ. ಆದರೆ ಲಾರಿಗಳು ಹೀಗೆ ನಿಲ್ಲುವ ರಸ್ತೆಯಂಚಿನಲ್ಲೇ ಹಗಲು ಹೊತ್ತು ಶಾಲಾ ಮಕ್ಕಳು ನಡೆಯುತ್ತಾರೆ, ಕೂಲಿಗೆ ಹೋಗುವವರು ಬಸ್ಸಿಗೆ ಕಾಯುತ್ತಾರೆ. ನಮ್ಮ ಕರಾವಳಿಯ ಹೆದ್ದಾರಿ 66ರ ಬದಿಯಲ್ಲೂ ಇದೇ ನೋಟ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು, ಅಂದರೆ ಸುಮಾರು ಐವರಲ್ಲಿ ಒಬ್ಬರು. ಕಾರಿನ ವೇಗ ಗಂಟೆಗೆ 50 ಕಿ.ಮೀ.ನಿಂದ 65ಕ್ಕೆ ಏರಿದರೆ, ಅದು ಬಡಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಜನ ವೇಗ ತಗ್ಗಿಸಿ ಎಂದು ಕೇಳುವುದು ನ್ಯಾಯವೇ.

ಆದರೆ ನಾವು ಕೇಳುವುದು ಯಾವಾಗ? ಸಾವು ಸಂಭವಿಸಿದ ಮೇಲೆ. ಮೊದಲು ರಸ್ತೆ ತಡೆ, ನಂತರ ಅಧಿಕಾರಿಗಳ ಭೇಟಿ, ಕೊನೆಗೆ ರಾತ್ರೋರಾತ್ರಿ ಒಂದು ಉಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಅಳತೆ ಬೇರೆ: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಕುಲುಕದೆ ದಾಟಬಹುದಾದ ಉಬ್ಬು ಅದು. ಬಣ್ಣ ಬಳಿಯದ, ಕಡಿದಾದ ಉಬ್ಬು ರಾತ್ರಿ ಬೈಕ್ ಸವಾರನನ್ನು ಕೆಡವುತ್ತದೆ, ಆಂಬುಲೆನ್ಸಿನಲ್ಲಿರುವ ರೋಗಿಯನ್ನು ನರಳಿಸುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಂತೂ ಸಾಮಾನ್ಯವಾಗಿ ಉಬ್ಬು ಹಾಕುವಂತಿಲ್ಲ. ಅಲ್ಲಿ ಬೇಕಾದದ್ದು ಕೆಳಸೇತುವೆ, ಸರ್ವಿಸ್ ರಸ್ತೆ, ದೀಪ, ಲಾರಿ ನಿಲ್ಲಿಸಲು ಪ್ರತ್ಯೇಕ ಜಾಗ.

ಕಾನೂನು ನಡೆಯುವವನ ಪರವಾಗಿದೆ. ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಹೇಳಿತು. ಪಾದಚಾರಿಗಳ ಸುರಕ್ಷತೆಗಾಗಿ ಆರು ತಿಂಗಳೊಳಗೆ ನಿಯಮ ರೂಪಿಸುವಂತೆ ಅದೇ ವರ್ಷ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ನಿರ್ದೇಶಿಸಿತು. ನಮ್ಮ ಪಂಚಾಯತ್ ರಾಜ್ ಕಾಯ್ದೆಯಂತೆ ವಾರ್ಡ್ ಸಭೆ ಮತ್ತು ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಬೇಡಿಕೆ ಇಡಬೇಕಾದ ಜಾಗ ಅದು.

ಅಲ್ಲಿಗೆ ಬರಿಗೈಯಲ್ಲಿ ಹೋಗಬಾರದು. ಮಕ್ಕಳು ಎಲ್ಲಿ, ಎಷ್ಟು ಗಂಟೆಗೆ ರಸ್ತೆ ದಾಟುತ್ತಾರೆ? ವಯಸ್ಸಾದವರು ಎಲ್ಲಿ ಹೆದರಿ ನಿಲ್ಲುತ್ತಾರೆ? ಯಾವ ಚರಂಡಿಯ ಚಪ್ಪಡಿ ಮುರಿದಿದೆ? ಯಾವ ದೀಪ ಉರಿಯುತ್ತಿಲ್ಲ? ಸಭೆಗಳಲ್ಲಿ ಹೆಚ್ಚಾಗಿ ಮಾತನಾಡುವವರು ವಾಹನವುಳ್ಳವರು. ನಡೆದು ಹೋಗುವ ಅಜ್ಜಿ ಅಲ್ಲಿಗೆ ಬರುವುದೇ ಇಲ್ಲ. ನಮ್ಮ ವಾಳೆಯ ಗುರಿಕಾರರು ಮನೆಮನೆ ಬಲ್ಲವರು. ಆಕೆಯ ಮಾತನ್ನು ಒಂದು ಹಾಳೆಯಲ್ಲಿ ಬರೆದು, ನೆರೆಹೊರೆಯ ಎಲ್ಲ ಧರ್ಮದವರ ಸಹಿಯೊಂದಿಗೆ ಸಭೆಯಲ್ಲಿ ಕೊಟ್ಟು, ನಡಾವಳಿಯಲ್ಲಿ ದಾಖಲಾಯಿತೇ ಎಂದು ನೋಡಿ ಬರುವುದು ದೊಡ್ಡ ಕೆಲಸವೇನಲ್ಲ. ಮುಂದಿನ ರಸ್ತೆ ತಡೆಗೆ ಇನ್ನೊಂದು ಸಾವು ಕಾರಣವಾಗುವ ಮೊದಲೇ ಅದು ಆಗಲಿ.