ಆ ರಬ್ಬರ್ ಉಂಗುರವನ್ನು ಕಿತ್ತೆಸೆಯಬೇಡಿ

ಹೈದರಾಬಾದಿನ ಕೋಠಿ. ಬಿಡಿಭಾಗಗಳ ಅಂಗಡಿಯೊಂದರ ಕೌಂಟರಿನ ಮೇಲೆ ಎರಡು ಪುಲ್ಲಿ. ಒಂದು ಕಪ್ಪಗೆ, ದಪ್ಪಗೆ, ಕೈಗೆ ಭಾರ. ಇನ್ನೊಂದು ಮಿರಮಿರ ಮಿಂಚುವ ನೀಲಿ ಅಲ್ಯೂಮಿನಿಯಂ. ‘ಹಾತ್ ಮೇ ಲೇಕೇ ದೇಖೋ ಸಾಬ್, ಕಿತ್ನಾ ಹಲ್ಕಾ ಹೈ’ ಎಂದ ಅಂಗಡಿಯವ. ಜೊತೆಗಿದ್ದ ನನ್ನ ಸೋದರಳಿಯನ ಕಣ್ಣು ಅರಳಿತು. ಹಳೆಯದೊಂದು ಆರು ಸಿಲಿಂಡರಿನ ಸ್ಪೋರ್ಟ್ಸ್ ಕಾರು ಕೊಂಡಿದ್ದಾನೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಓಡಿಸುವ ಹುಚ್ಚು. ಬೇಡ ಎಂದೆ. ‘ಎಲ್ರೂ ಇದನ್ನೇ ಹಾಕಿಸ್ತಿದಾರೆ ಮಾಮ’ ಎಂದು ಮುಖ ಸಣ್ಣಗೆ ಮಾಡಿಕೊಂಡ.

ಎಲ್ಲರೂ ಹಾಕಿಸುತ್ತಿದ್ದಾರೆ. ತಗಾದೆ ಇರುವುದೇ ಅಲ್ಲಿ.

ಆ ಕಪ್ಪು ಪುಲ್ಲಿ ಬರೀ ಪುಲ್ಲಿಯಲ್ಲ. ನಡುವೆ ಹಬ್, ಹೊರಗೆ ಭಾರದ ಉಂಗುರ, ಎರಡರ ನಡುವೆ ರಬ್ಬರ್. ಅದು ಕ್ರ್ಯಾಂಕ್‌ಶಾಫ್ಟಿನ ಕಂಪನ ನುಂಗುವ ಡ್ಯಾಂಪರ್. ಕ್ರ್ಯಾಂಕ್ ಉಕ್ಕಿನದೇ ಆದರೂ ಪ್ರತಿ ಸಿಲಿಂಡರ್ ಉರಿದಾಗ ಹಿಂಡಿದ ಬಟ್ಟೆಯಂತೆ ತುಸುವೇ ತಿರುಚಿಕೊಂಡು ಮರಳುತ್ತದೆ. ಆರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ ಇಂಥ 300 ಒದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಬೆರಳಲ್ಲಿ ತಳ್ಳಿದರೂ ಅದು ಏರುತ್ತ ಹೋಗುತ್ತದಲ್ಲ? ಹಾಗೆಯೇ ಕೆಲವು ವೇಗಗಳಲ್ಲಿ ಈ ಒದೆಗಳು ಕ್ರ್ಯಾಂಕಿನ ಸ್ವಂತ ಕಂಪನದ ತಾಳಕ್ಕೆ ಕೂಡಿಕೊಳ್ಳುತ್ತವೆ. ಆ ತಾಳ ಕೆಡಿಸುವುದು ಉಂಗುರದ ಕೆಲಸ. ಆ ಶಕ್ತಿಯನ್ನು ಬಿಸಿಯಾಗಿ ಕಳೆಯುವುದು ರಬ್ಬರಿನ ಕೆಲಸ. ಉದ್ದನೆಯ ಆರು ಸಿಲಿಂಡರ್ ಕ್ರ್ಯಾಂಕುಗಳ ಈ ಕಾಟಕ್ಕೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡ್ಯಾಂಪರ್ ರೂಪಿಸಿ ನೂರು ವರ್ಷ ದಾಟಿದೆ. ನಾವು ಅದನ್ನು ಕಿತ್ತು ‘ಅಪ್‌ಗ್ರೇಡ್’ ಎನ್ನುತ್ತೇವೆ.

ಹಗುರವಾದರೆ ಎಂಜಿನ್ ಚುರುಕಾಗುತ್ತದೆ ಎನ್ನುತ್ತಾರೆ. ಸುಳ್ಳಲ್ಲ, ತುಸು ಚುರುಕಾಗುತ್ತದೆ. ಆದರೆ ತಿರುಗುವ ಭಾರದ ಲೆಕ್ಕದಲ್ಲಿ ತ್ರಿಜ್ಯದ ವರ್ಗ ಬರುತ್ತದೆ. ಅಗಲವಾದ ಫ್ಲೈವೀಲಿನ ಮುಂದೆ ಈ ಪುಟ್ಟ ಪುಲ್ಲಿಯ ಉಳಿತಾಯ ಎಷ್ಟರದು? ಬದಲಿಗೆ ತೆರುವುದೇನು? ಕ್ರ್ಯಾಂಕಿನ ಮೂಗಿನ ಕೀ, ಬೋಲ್ಟ್, ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕಿಗೇ ಕೂತ ಆಯಿಲ್ ಪಂಪಿನ ಗೇರು. ಪಂಪ್ ಒಡೆದರೆ ಬೇರಿಂಗುಗಳ ಆಯುಸ್ಸು ಸೆಕೆಂಡುಗಳದ್ದು. ಆಮೇಲೆ ತೂತಾದ ಬ್ಲಾಕಿನಿಂದ ಟ್ರ್ಯಾಕಿಗೆ ಸುರಿಯುವ ಎಣ್ಣೆಯ ಮೇಲೆ ಜಾರುವವನು ಹಿಂದೆ ಬರುತ್ತಿರುವ ಇನ್ಯಾರೋ.

‘ನನ್ನ ಗೆಳೆಯ ಎರಡು ವರ್ಷದಿಂದ ಓಡಿಸುತ್ತಿದ್ದಾನೆ, ಏನೂ ಆಗಿಲ್ಲ.’ ಎಲ್ಲಿ ಓಡಿಸುತ್ತಿದ್ದಾನೆ? ರಸ್ತೆಯಲ್ಲಿ ಕೆಟ್ಟ ವೇಗವನ್ನು ಎಂಜಿನ್ ಕ್ಷಣದಲ್ಲಿ ದಾಟುತ್ತದೆ. ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಅಲ್ಲೇ ವಾಸ. ಬುದ್ಧ್ ಸರ್ಕ್ಯೂಟಿನಲ್ಲಂತೂ ಕಿಲೋಮೀಟರು ಮೀರಿದ ನೇರ ದಾರಿಯಿದೆ. ಲೋಹದ ಬಿರುಕು ಹೇಳಿಕೇಳಿ ಬರುವುದಿಲ್ಲ.

ಕೆಲವು ಚಿಕ್ಕ ನಾಲ್ಕು ಸಿಲಿಂಡರ್ ಎಂಜಿನ್ನುಗಳಿಗೆ ಕಾರ್ಖಾನೆಯೇ ಡ್ಯಾಂಪರ್ ಕೊಟ್ಟಿರುವುದಿಲ್ಲ; ಅವುಗಳ ಮಾತು ಬೇರೆ. ಕೊಟ್ಟಿದ್ದರೆ ಅದಕ್ಕೊಂದು ಕಾರಣವಿದೆ. ಹಬ್ಬಿನಿಂದ ಉಂಗುರದವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಗೆರೆ ತುಂಡಾಗಿದ್ದರೆ ಉಂಗುರ ಜಾರಿದೆ, ರಬ್ಬರ್ ಸತ್ತಿದೆ. ಎಂಜಿನ್ ಮೊದಲಿನಂತೆಯೇ ಇದ್ದರೆ ಹೊಸ ಅಸಲಿ ಡ್ಯಾಂಪರೇ ಸಾಕು. ಪಿಸ್ಟನ್, ರಾಡ್, ಫ್ಲೈವೀಲ್ ಬದಲಿಸಿ, ವೇಗದ ಮಿತಿ ಏರಿಸಿದ್ದರೆ ಕಂಪನದ ಲೆಕ್ಕವೇ ಬದಲಾಗಿರುತ್ತದೆ. ಆಗ ನಿಮ್ಮ ಎಂಜಿನ್ನಿಗೆಂದೇ ಮಾಡಿದ ರೇಸಿಂಗ್ ಡ್ಯಾಂಪರ್ ಹುಡುಕಿ: ರಬ್ಬರ್ ಬದಲಿಸಬಹುದಾದದ್ದು, ಇಲ್ಲವೇ ದಪ್ಪ ಸಿಲಿಕೋನ್ ದ್ರವದಲ್ಲಿ ಉಂಗುರ ತೇಲುವಂಥದ್ದು. ಎರಡನೆಯದು ಒಂದೇ ವೇಗಕ್ಕೆ ಕಟ್ಟುಬಿದ್ದಿರುವುದಿಲ್ಲ. ಎಸ್‌ಎಫ್‌ಐ 18.1 ಮುದ್ರೆ ಇದ್ದರೆ ಒಳ್ಳೆಯದೇ. ಆದರೆ ಅದು ಡ್ಯಾಂಪರ್ ಸಿಡಿಯದು ಎಂಬುದಕ್ಕೆ ಸಾಕ್ಷಿ, ನಿಮ್ಮ ಕ್ರ್ಯಾಂಕಿಗೆ ಹೊಂದುತ್ತದೆ ಎಂಬುದಕ್ಕಲ್ಲ. ಕೂರಿಸುವಾಗ ಸುತ್ತಿಗೆ ಮುಟ್ಟಬೇಡಿ.

ಇದರಿಂದ ಒಂದು ಕುದುರೆಶಕ್ತಿಯೂ ಹೆಚ್ಚದು, ಸದ್ದು ಬದಲಾಗದು, ಫೋಟೋ ಹಾಕಿದರೆ ಯಾರೂ ಮೆಚ್ಚರು. ಅದಕ್ಕೇ ಎಕ್ಸಾಸ್ಟ್, ರೀಮ್ಯಾಪ್ ಮೊದಲು ಮಾರುತ್ತಾರೆ, ಡ್ಯಾಂಪರಿನ ಹೆಸರೆತ್ತುವುದಿಲ್ಲ. ಕೋಠಿಯಲ್ಲಾಗಲಿ, ನಿಮ್ಮೂರಿನಲ್ಲಾಗಲಿ, ಆ ನೀಲಿ ಪುಲ್ಲಿ ಕೈಗಿಟ್ಟವನಿಗೆ ಒಂದೇ ಪ್ರಶ್ನೆ ಕೇಳಿ: ‘ಇದರಲ್ಲಿ ಡ್ಯಾಂಪರ್ ಎಲ್ಲಿದೆ?’ ತೂಕದ ಮಾತಾಡಿದರೆ ಪುಲ್ಲಿಯನ್ನು ಕೌಂಟರಿನ ಮೇಲೇ ಇಟ್ಟು ಬನ್ನಿ.